ನೀವು ಎಣಿಸಿದ ದಿನ ನನ್ನ ಮಗಳಿಗೆ ರಜೆ

ವಿಶೇಷ ಶಿಕ್ಷಕಿಯ ಹುದ್ದೆಗೆ ಕತ್ತರಿ ಹಾಕಿದ ಮಾನ್ಯ ಶಿಕ್ಷಣಾಧಿಕಾರಿಗಳೇ,

ನಮ್ಮ ಶಾಲೆಯಲ್ಲಿ ಕಲಿಕೆಯ ತೊಂದರೆ ಇರುವ ಮಕ್ಕಳ ಸಂಖ್ಯೆ ಸೊನ್ನೆ ಎಂದು ತಮ್ಮ ಆದೇಶದಲ್ಲಿ ಓದಿ ಮೂಗಿನ ಮೇಲೆ ಬೆರಳಿಟ್ಟೆ. ಭಲೇ! ವೈದ್ಯರಿಗೂ ಆಗದ್ದನ್ನು ತಾವು ಒಂದು ಬೆಳಗಿನಲ್ಲಿ ಸಾಧಿಸಿಬಿಟ್ಟಿರಿ. ಆ ಸೊನ್ನೆಯೊಳಗೆ ನನ್ನ ಮಗಳೂ ಇದ್ದಾಳೆ. ಹನ್ನೊಂದು ವರ್ಷ. ಅಕ್ಷರಗಳು ಅವಳ ಕಣ್ಮುಂದೆ ಒಂದು ಕಡೆ ನಿಲ್ಲುವುದಿಲ್ಲ. ಆದರೆ ನನ್ನ ಹೊಲಿಗೆ ಅಂಗಡಿಗೆ ಬಂದವರನ್ನು ಒಮ್ಮೆ ನೋಡಿದರೆ ತೋಳಿನ ಅಳತೆ ಹೇಳುತ್ತಾಳೆ. ಟೇಪು ಹಿಡಿದರೆ ಅರ್ಧ ಇಂಚೂ ತಪ್ಪಿರುವುದಿಲ್ಲ.

ಸೊನ್ನೆ ಹೇಗೆ ಬಂತು, ಕೇಳಿ. ತಪಾಸಣೆಯ ಹಿಂದಿನ ದಿನ ಮುಖ್ಯೋಪಾಧ್ಯಾಯರೇ ಅಂಗಡಿಗೆ ಬಂದರು. "ಅಕ್ಕಾ, ನಾಳೆ ಮಗಳನ್ನ ಕಳಿಸ್ಬೇಡಿ. ಸಾಹೇಬ್ರು ಓದಿಸಿ ನೋಡ್ತಾರೆ, ಶಾಲೆ ಮಾನ ಹೋಗುತ್ತೆ," ಎಂದರು. ಪ್ರತಿ ತಪಾಸಣೆಗೂ ಇದೇ ಪದ್ಧತಿ: ಗೋಡೆಗೆ ಸುಣ್ಣ, ಕಿಟಕಿಗೆ ಪರದೆ, ಇಂಥ ಮಕ್ಕಳಿಗೆ ರಜೆ. ನಾನೆಂಥ ಪೆದ್ದಿ, ಹೂಂ ಎಂದೆ. ಆ ಪರದೆಗಳನ್ನು ಹೊಲಿದುಕೊಟ್ಟವಳೂ ನಾನೇ. ಇಂಥ ಮಕ್ಕಳನ್ನು ಎಣಿಸುವವರೂ ಅದೇ ಜೀಪಿನಲ್ಲಿ ಬರುತ್ತಾರೆಂದು ಮುಖ್ಯೋಪಾಧ್ಯಾಯರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಒಂಬತ್ತು ಮಕ್ಕಳು ಮನೆಯಲ್ಲಿ ಕೂತಿದ್ದರು. ತಾವು ಬಂದಿರಿ, ಕಣ್ಣಿಗೆ ಕಂಡವರನ್ನು ಓದಿಸಿದಿರಿ, ಚಹಾ ಕುಡಿದು ಹೊರಟಿರಿ. ಹಾಜರಿ ಪುಸ್ತಕದಲ್ಲಿ ಒಂಬತ್ತು ಗೈರುಹಾಜರಿ ಇತ್ತಲ್ಲ ಸ್ವಾಮಿ, ಅದನ್ನು ತೆರೆಯಲು ಕೈನೋವೇ? ವಾರಕ್ಕೆರಡು ದಿನ ಆ ಶಿಕ್ಷಕಿ ಯಾರಿಗೆ ಪಾಠ ಹೇಳುತ್ತಿದ್ದರು, ಗೋಡೆಗೇ?

ಮೂರು ಶಾಲೆಗಳಿಗೆ ಇದ್ದವರು ಆಕೆಯೊಬ್ಬರೇ. ಮರಳು ಹರಡಿದ ತಟ್ಟೆಯಲ್ಲಿ ಬೆರಳಿನಿಂದ ತಿದ್ದಿಸಿ ತಿದ್ದಿಸಿ, ಆರು ತಿಂಗಳಲ್ಲಿ ನನ್ನ ಮಗಳು ಬಸ್ಸಿನ ಬೋರ್ಡು ಓದುವಂತೆ ಮಾಡಿದ್ದರು. ಅವಳು ಮೊದಲ ಸಲ ಓದಿದ ದಿನ ಬಸ್ಸು ಹೊರಟೇಹೋಯಿತು. ನಾನು ರಸ್ತೆಯಲ್ಲೇ ಅಳುತ್ತಾ ನಿಂತಿದ್ದೆ. ಈಗ ಆ ತಟ್ಟೆ ಶಾಲೆಯ ಬೀರುವಿನ ಮೇಲಿದೆ, ಮಗಳು ಹಿಂದಿನ ಬೆಂಚಿನಲ್ಲಿದ್ದಾಳೆ.

ಮೊನ್ನೆ ಗುಂಡಿ ಪೋಣಿಸುತ್ತಾ ಕೇಳಿದಳು: "ಅಮ್ಮಾ, ಟೀಚರ್ ಯಾಕೆ ಬರಲ್ಲ? ನಾನವತ್ತು ರಜೆ ಹಾಕಿದ್ದಕ್ಕಾ?"

ಅವಳಿಗೆ ಏನು ಹೇಳಲಿ? ತಾವೇ ಬಂದು ಹೇಳಿ. ಮತ್ತೆ ಎಣಿಸಿ, ಆ ಶಿಕ್ಷಕಿಯನ್ನು ವಾಪಸ್ ಕಳಿಸಿ. ಹೇಳದೆ ಬಂದರೆ ಒಳ್ಳೆಯದು, ಹೇಳಿ ಬಂದರೂ ಚಿಂತೆಯಿಲ್ಲ. ಈ ಸಲ ಒಂಬತ್ತೂ ಮಕ್ಕಳು ಶಾಲೆಯ ಮೆಟ್ಟಿಲ ಮೇಲೇ ಕೂತಿರುತ್ತಾರೆ; ತಾವು ಅವರನ್ನು ದಾಟಿಕೊಂಡೇ ಒಳಗೆ ಹೋಗಬೇಕು.

ಇಂತಿ,
ತಮ್ಮ ಸೊನ್ನೆಗೆ ಪರದೆ ಹೊಲಿದುಕೊಟ್ಟ ತಾಯಿ