ಅಪ್ಪನ ವಾಚಿಗೆ ಪಾಲಿಶ್

ನವೆಂಬರ್ ೪, ಸೋಮವಾರ. ಸಂಜೆ

ಕಾರ್ಖಾನೆಯಲ್ಲಿ ಇವತ್ತೂ ವಾಚಿನ ಬ್ರೇಸ್‌ಲೆಟ್ಟೇ. ಕೊಂಡಿಗಳ ಅಂಚು ತೀಡಿ ತೀಡಿ ಹೆಬ್ಬೆರಳು ಮರಗಟ್ಟಿದೆ. ಮೇಲ್ಮೈಗೆ ನವಿರು ಗೆರೆ, ಅಂಚಿಗೆ ಕನ್ನಡಿಯ ಹೊಳಪು. ಎರಡೂ ಸೇರುವ ಕಡೆ ಕೂದಲೆಳೆಯಷ್ಟು ಮಬ್ಬಾದರೂ ತಪಾಸಣೆಯವರು ವಾಪಸ್ ಎಸೆಯುತ್ತಾರೆ. ಚಿನ್ನವೂ ಅಲ್ಲ, ಬರೀ ಸ್ಟೀಲು. ಆದರೂ ಕೊಳ್ಳಲು ಜನ ವರ್ಷಗಟ್ಟಲೆ ಕಾಯುತ್ತಾರೆ. ಅವರ ತಲೆ!

ಕೆಲಸ ಮುಗಿಸಿ ಅಪ್ಪನ ಮನೆಗೆ. ಹಗಲು ಅವನನ್ನು ನೋಡಿಕೊಳ್ಳುವ ಗ್ರಾಸಿಂದಾ ಬಾಗಿಲು ತೆಗೆದಳು. ಇವತ್ತು ಅವನ ನೆನಪಿನಿಂದ ಅಮ್ಮನ ಹೆಸರೂ ಹೋಯಿತಂತೆ. ಫೋಟೋ ತೋರಿಸಿ "ಯಾರೀ ಹೆಂಗಸು?" ಎಂದನಂತೆ. ಒಳಗೆ ಹೋದರೆ, "ಜೋಸಿಯಾನ್, ಯಾಕೆ ಲೇಟು?"

ಉಳಿದಿರುವುದು ನನ್ನ ಹೆಸರೊಂದೇ. ಅದೂ ಹೋದರೆ… ಬೇಡ, ಬರೆಯುವುದಿಲ್ಲ.

ನವೆಂಬರ್ ೭, ಗುರುವಾರ

ಕಾಫಿಗೆ ಕೂತಾಗ ಪಕ್ಕದ ಬೆಂಚಿನ ಮರ್ಲೀಸ್ ಶುರು ಮಾಡಿದಳು. ಭಾನುವಾರ ಚರ್ಚಿನಲ್ಲಿ ಅಪ್ಪನನ್ನು ನೋಡಿದ್ದಳಂತೆ.

"ಊರವರ ವಾಚೆಲ್ಲ ಕನ್ನಡಿ ಮಾಡ್ತೀಯ. ನಿಮ್ಮಪ್ಪನ ಕೈಲಿರೋದು ನೋಡಿದ್ಯೇನೇ? ಮೇಲೆ ಟ್ರ್ಯಾಕ್ಟರ್ ಹರಿದಂಗಿದೆ! ಅಲೋಯಿಸ್ ಲುಗ್ರ್ಯಾಂ ಮಗಳು ಅಂತ ಹೇಳ್ಕೊಳೋಕೆ ನಾಚ್ಕೆ ಆಗಲ್ವಾ?"

ಮೈ ಉರಿಯಿತು. ಆದರೆ ಸುಳ್ಳೇನಲ್ಲ. ಇದೇ ಬೆಂಚಿನಲ್ಲಿ ಇದೇ ಬ್ರೇಸ್‌ಲೆಟ್ ತೀಡಿದವನು ಅಪ್ಪ. ಅದು ಅವನ ಇಪ್ಪತ್ತೈದು ವರ್ಷದ ಸೇವೆಗೆ ಕಂಪನಿ ಕೊಟ್ಟ ವಾಚು. ನಾನಾಗ ಹತ್ತು ವರ್ಷದವಳು. ಅಂದಿನಿಂದ ಸೌದೆ ಒಡೆಯುವಾಗಲೂ ಹಿಮ ಗೋರುವಾಗಲೂ ಕೈಯಲ್ಲೇ. ಮುಂದಿನ ಶುಕ್ರವಾರ ಅವನಿಗೆ ಎಂಬತ್ತು. ಉಡುಗೊರೆ ಏನೆಂದು ಯೋಚಿಸುತ್ತಿದ್ದೆ — ಸಿಕ್ಕಿತು.

ನವೆಂಬರ್ ೧೨, ಮಂಗಳವಾರ

ತೊಳೆದು ತರುತ್ತೇನೆಂದು ಸುಳ್ಳು ಹೇಳಿ ವಾಚು ಬಿಚ್ಚಿಕೊಂಡು ಬಂದಿದ್ದೆ. ನನ್ನ ಬೆಂಚಿನಲ್ಲೇ ಪಾಲಿಶ್ ಮಾಡಲು ಫೋರ್‌ಮನ್ ಒಪ್ಪಿದ. ಬ್ರೇಸ್‌ಲೆಟ್ಟಿನ ಬೀಗದ ಪಕ್ಕದ ಕೊಂಡಿಯಲ್ಲಿ ಆಳವಾದ ಗಾಯ. ಎಲ್ಲೋ ಕಬ್ಬಿಣಕ್ಕೆ ಜೋರಾಗಿ ಉಜ್ಜಿದೆ. ಅದು ಹೋಗಬೇಕಾದರೆ ಸುತ್ತಲಿನ ಸ್ಟೀಲು ಇಳಿಸಬೇಕು. ಆಗ ಅಕ್ಕಪಕ್ಕದ ಕೊಂಡಿಗಳೂ ಇಳಿಯಬೇಕು, ಕೊನೆಗೆ ಯಂತ್ರ ಕೂರುವ ಕೇಸೂ. ಈ ವಾಚಿಗೆ ಕೇಸು, ಬ್ರೇಸ್‌ಲೆಟ್ಟು ಎಲ್ಲ ಒಂದೇ ಮೈ. ಒಂದು ಕಡೆ ಮುಟ್ಟಿದರೆ ಎಲ್ಲ ಕಡೆ ಮುಟ್ಟಲೇಬೇಕು.

ಮುಟ್ಟಿದೆ. ಜನ್ಮದಲ್ಲಿ ಇಷ್ಟು ಚೆನ್ನಾಗಿ ಮಾಡಿರಲಿಲ್ಲ. ಮರ್ಲೀಸ್ ಕೂಡ ಬಾಯಿ ಮುಚ್ಚಿಕೊಂಡು ನೋಡಿದಳು.

ಸಂಜೆ ಅಪ್ಪ ವಾಚಿಲ್ಲದ ಬರಿಯ ಮಣಿಕಟ್ಟನ್ನೇ ಹೆಬ್ಬೆರಳಿನಿಂದ ಉಜ್ಜುತ್ತ ಕೂತಿದ್ದ. ಪಾಲಿಶಿನವರ ಚಾಳಿ. ನನಗೂ ಇದೆ.

ನವೆಂಬರ್ ೧೫, ಶುಕ್ರವಾರ

ಇವತ್ತಿನದನ್ನು ಬರೆಯಲೇಬೇಕು.

ಹುಟ್ಟುಹಬ್ಬಕ್ಕೆ ಗ್ರಾಸಿಂದಾ, ನಾನು ಸೇರಿ ಲೀಕ್ ಸೊಪ್ಪು, ಸಾಸೇಜ್ ಬೇಯಿಸಿದ್ದೆವು. ವಾಚು ಕಟ್ಟಿದೆ. ಅಪ್ಪ ನೋಡಲಿಲ್ಲ, ಹೆಬ್ಬೆರಳು ಆಡಿಸಿದ. ಬೀಗದ ಹತ್ತಿರ ಹೋಯಿತು, ನಿಂತಿತು. ಮತ್ತೆ ಹುಡುಕಿತು. ಮತ್ತೆ.

"ಇದು ನಂದಲ್ಲ."

"ನಿಂದೇ ಅಪ್ಪ, ಹೊಸದರ ಥರ ಮಾಡಿದೀನಿ ಅಷ್ಟೇ."

ತಲೆ ಎತ್ತಿದ. ಬ್ಯಾಂಕಿನ ಕಿಟಕಿಯಲ್ಲಿ ಅಪರಿಚಿತರನ್ನು ನೋಡುವ ಹಾಗೆ ನೋಡಿದ. "ಯಾರಮ್ಮ ನೀವು?"

ಗ್ರಾಸಿಂದಾ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. "ಏನ್ ಮಾಡ್ಬಿಟ್ರಿ! ಆ ಗಾಯ ಎಲ್ಲಿ?"

"ಯಾವ ಗಾಯ?"

"ಏಣೀದು! ನೀವು ಚಿಕ್ಕೋರಿದ್ದಾಗ ಕೆರೆ ಮೇಲಿನ ಮಂಜುಗಡ್ಡೆ ಒಡೆದು ನೀರಿಗೆ ಬಿದ್ರಂತಲ್ಲ? ನಿಮ್ಮಪ್ಪ ದೋಣಿಕಟ್ಟೆಯ ಕಬ್ಬಿಣದ ಏಣಿಗೆ ವಾಚಿನ ಕೈ ಸಿಗಿಸ್ಕೊಂಡು ನಿಮ್ಮನ್ನ ಎಳೆದ್ರಂತಲ್ಲ? ನೀವು ಬರೋ ಹೊತ್ತಿಗೆ ದಿನಾ ಅದನ್ನ ಮುಟ್ಟಿ ಮುಟ್ಟಿ ಹೇಳ್ಕೊತಾರೆ… ಏಣಿ, ಮಂಜು, ಜೋಸಿಯಾನ್. ಆಮೇಲೇನೇ ನಿಮ್ಮ ಹೆಸರು ಬರೋದು. ನಿಮ್ಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ನೀರಿನ ಚಳಿ ನೆನಪಿದೆ, ಅಮ್ಮ ಬೈದದ್ದು ನೆನಪಿದೆ. ವಾಚು ನೆನಪಿಲ್ಲ. ದೇವರೇ, ನನ್ನ ಹೆಸರನ್ನು ನಾನೇ ಉಜ್ಜಿ ಹಾಕಿದೆ. ಇಳಿಸಿದ ಸ್ಟೀಲು ಪುಡಿಯಾಗಿ ಧೂಳು ಹೀರುವ ಕೊಳವೆಯಲ್ಲಿ ಹೋಯಿತು. ಅದನ್ನು ಯಾರೂ ವಾಪಸ್ ತರಲಾರರು.

ನವೆಂಬರ್ ೧೮, ಸೋಮವಾರ

ವಿಷಯ ಕೇಳಿ ಮರ್ಲೀಸ್ ಅತ್ತಳು, ತಪ್ಪು ತನ್ನದೇ ಎಂಬಂತೆ. ಆಮೇಲೆ, "ಒಂದು ಕಬ್ಬಿಣದ ಸರಳಿಗೆ ಉಜ್ಜಿ ಇನ್ನೊಂದು ಗಾಯ ಮಾಡಿದ್ರಾಯ್ತು ಕಣೇ," ಎಂದಳು. ಬೈದೆ. ಅಪ್ಪ ತನ್ನದಲ್ಲವೆಂದ ವಾಚು ನನ್ನ ಬಳಿಯೇ ಇತ್ತು, ಮಧ್ಯಾಹ್ನ ಅದನ್ನೇ ಮಾಡಿದೆ. ಕಣ್ಣು ಮುಚ್ಚಿ, ಬಲ ಹಾಕಿ ಉಜ್ಜಿದೆ. ಗಾಯ ನೇರವಾಗಿ, ಅಚ್ಚುಕಟ್ಟಾಗಿ ಬಂತು. ಪಳಗಿದ ಹಾಳು ಕೈ!

ನವೆಂಬರ್ ೨೭, ಬುಧವಾರ

ಇವತ್ತು ಅಪ್ಪ ಸಮಾಧಾನದಿಂದಿದ್ದ. ವಾಚನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಳೆಯ ಕಾಲದಂತೆ ಪರೀಕ್ಷೆ ಮಾಡುತ್ತಿದ್ದ. ಪಕ್ಕದಲ್ಲಿ ಕೂತೆ.

"ಅಂಚು ಚೆನ್ನಾಗಿದೆ," ಎಂದ. "ಆದ್ರೆ ಇಲ್ಲಿ ನೋಡಿ. ಈ ಗೀರು ಬಿದ್ದಿದ್ದಲ್ಲ, ಬೇಕಂತ ಹಾಕಿದ್ದು. ಯಾರದು ಈ ಕೆಲಸ?"

"ನಂದೇ."

"ಕೈ ಒಳ್ಳೇದು ಮೇಡಂ. ಆದ್ರೆ ಹಳೇ ವಾಚನ್ನ ಯಜಮಾನನ್ನ ಕೇಳದೆ ತೀಡಬಾರ್ದು. ನನ್ನ ಮಗಳೂ ಇದೇ ಕೆಲಸ ಮಾಡ್ತಾಳೆ. ಅವಳಾಗಿದ್ರೆ ಕೇಳ್ತಿದ್ಲು."

ಹೇಗೋ ಕೇಳಿದೆ, "ಮಗಳು… ಬರ್ತಾಳಾ?"

"ದಿನಾ ಬರ್ತಾಳೆ. ಕೆಲಸ ಬಿಟ್ಟ ಮೇಲೆ. ಇನ್ನೇನ್ ಬರೋ ಹೊತ್ತಾಯ್ತು, ನೀವು ಹೊರಡಿ."

ಎದ್ದೆ. ಕೋಟು ಹಾಕಿಕೊಂಡು ಹೊರಗೆ ಬಂದೆ, ಬಾಗಿಲು ಎಳೆದುಕೊಂಡೆ. ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತೆ. ಆಮೇಲೆ ಗಂಟೆ ಒತ್ತಿದೆ.

"ಯಾರು?" ಒಳಗಿಂದ ಅಪ್ಪ.

"ನಾನಪ್ಪ, ಜೋಸಿಯಾನ್. ಕೆಲಸ ಬಿಟ್ಟು ಈಗ ಬಂದೆ."