ಮೂರನೇ ಹಾಡಿನ ಗೀರು

ಅಪ್ಪ,

ನೀನು ಹೋಗಿ ಎರಡು ವರ್ಷಕ್ಕೆ ನಿನ್ನ ಪ್ರೀತಿಯ ಹಾಡಿನ ಪ್ಲೇಟನ್ನು ಮತ್ತೆ ಹೊರತಂದಿದ್ದಾರೆ. ಐನೂರೇ ಪ್ರತಿ, ಒಂದೊಂದಕ್ಕೂ ನಂಬರು. ನೀನಿದ್ದಿದ್ದರೆ ಒಂದನೇ ನಂಬರೇ ಬೇಕು ಅಂತ ಅಂಗಡಿಯವನ ತಲೆ ತಿನ್ನುತ್ತಿದ್ದೆ. ತಲೆಗೊಂದೇ ಕೊಡೋದು ಅಂದಿದ್ದಕ್ಕೆ ನಿನ್ನ ಅಳಿಯನನ್ನೂ ಎಳೆದುಕೊಂಡು ಹೋಗಿ ಸಾಲಿನಲ್ಲಿ ನಿಲ್ಲಿಸಿದೆ. ಗೊಣಗುತ್ತಲೇ ನಿಂತರು, ಪಾಪ.

ಮಧ್ಯಾಹ್ನ ನಿನ್ನ ಪ್ಲೇಯರ್ ಮೇಲೇ ಹಾಕಿದೆ. ಹಳೆಯದರಲ್ಲಿ ಮೂರನೇ ಹಾಡಿನ ನಡುವೆ ಸೂಜಿ ಸಿಕ್ಕಿಕೊಳ್ಳುತ್ತಿತ್ತಲ್ಲ, ಅಲ್ಲಿಗೆ ಬಂದಾಗ ನನಗೇ ಗೊತ್ತಿಲ್ಲದ ಹಾಗೆ ಎದ್ದು ಹೋಗಿ, ನಿನ್ನ ಥರಾನೇ ಎರಡು ಬೆರಳಲ್ಲಿ ಸೂಜಿ ಎತ್ತಿ ಆಚೆಗಿಟ್ಟೆ.

"ಅದು ಹೊಸದು ಕಣೇ, ಗೀರಿಲ್ಲ. ಕೂತ್ಕೊಂಡು ಕೇಳು," ಅಂತ ಇವರು ನಕ್ಕರು.

ಮತ್ತೆ ಮೊದಲಿಂದ ಹಾಕಿ ಕೂತೆ. ನಾವು ಮೂವತ್ತು ವರ್ಷ ದಾಟಿಸುತ್ತಾ ಬಂದ ಜಾಗದಲ್ಲಿ ಒಂದು ಪುಟ್ಟ ಕೊಳಲಿದೆ ಅಪ್ಪ. ಎಷ್ಟು ಚೆನ್ನಾಗಿದೆ ಗೊತ್ತಾ!

ಗೀರು ಬಿದ್ದ ದಿನ ನೀನು ತಮ್ಮನ ಕಿವಿ ಹಿಂಡಿದೆ. "ನಾನಲ್ಲ, ನಾನಲ್ಲ" ಅಂತ ಅವನು ಅತ್ತ. ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನನ್ನು ನೀನು ಕೇಳಲೇ ಇಲ್ಲ. ಆಮೇಲೆ ಅವನು ಪ್ಲೇಯರ್ ಇದ್ದ ಕೋಣೆಗೆ ಹಾಡು ಕೇಳೋಕೆ ಯಾವತ್ತೂ ಬರಲಿಲ್ಲ.

ಈ ಕಾಗದವನ್ನು ಹಳೇ ಪ್ಲೇಟಿನ ಕವರಿನೊಳಗೇ ಇಡ್ತೀನಿ. ಇನ್ನೊಂದು ಹೊಸ ಪ್ರತಿ ತಮ್ಮನಿಗೆ. ಪೋಸ್ಟಿಗೆ ಹಾಕಲ್ಲ, ನಾಳೆ ಬೆಳಿಗ್ಗೆ ನಾನೇ ತಗೊಂಡು ಹೋಗ್ತೀನಿ. ಕೊಳಲು ಮುಗಿಯೋವರೆಗೂ ಅವನು ಕೇಳಲಿ. ಆಮೇಲೆ ಹೇಳ್ತೀನಿ.