ಲೋಟ ತೊಳೆದವಳು

ಅವ್ವಾ,

ನಿನಗೆ ಓದಲು ಬರುತ್ತಿರಲಿಲ್ಲ. ಈಗ ಯಾರಾದರೂ ಓದಿ ಹೇಳಿದರೂ ಕೇಳಲು ನೀನಿಲ್ಲ. ಆದರೂ ಬರೆಯುತ್ತಿದ್ದೇನೆ.

ಇವತ್ತು ಬಸವಕಲ್ಯಾಣದಿಂದ ಹುಮನಾಬಾದಿಗೆ ಬರುವಾಗ ಬಸ್ಸಿನಲ್ಲಿ ಆ ಪತ್ತೇದಾರಿ ಕಾದಂಬರಿಯನ್ನು ಕೊನೆಯವರೆಗೂ ಓದಿದೆ. ನಾನು ಓದಿ ಹೇಳುವಾಗ ನೀನು ತೊಗರಿಬೇಳೆ ಹಸನು ಮಾಡುತ್ತಾ ಕೇಳಿದ್ದೆಯಲ್ಲ, ಅದೇ. ಕಥೆ ಸಾಧಾರಣ. ಪತ್ತೇದಾರನ ಬಡಾಯಿಯೇ ಅರ್ಧ ಪುಸ್ತಕ.

ಅವತ್ತು ನಾನು ಬೇಸರಪಟ್ಟು ಕೊನೆಯ ನಲವತ್ತು ಪುಟ ಹಾರಿಸಿ, ಸಾಹುಕಾರನಿಗೆ ವಿಷ ಹಾಕಿದ್ದು ಡ್ರೈವರನೇ ಎಂದು ಕಟ್ಟಿ ಹೇಳಿದ್ದೆ. ನೀನು ಮೊರ ಕೆಳಗಿಟ್ಟೆ.

"ಅಂವ ಅಲ್ಲ ಬಿಡು. ಸಾಹುಕಾರನ ತಂಗೀನ ಹಾಕ್ಯಾಳ. ಹೆಣ ಮನ್ಯಾಗಿದ್ದಾಗ ಅಂವ ಕುಡದ ಲೋಟ ತೊಳದಾಳಲ್ಲ, ಯಾರರೆ ಹಂಗ ತೊಳೀತಾರೇನು?"

"ಪುಸ್ತಕದಾಗ ಹಂಗ ಬರದಾರ. ಓದಾಕ ಬರದ ನಿನಗ ಏನ ತಿಳೀತದ?" ಅಂದೆ ನಾನು.

ನೂರಾ ಎಂಬತ್ತನೇ ಪುಟದಲ್ಲಿ ತಂಗಿ ಒಪ್ಪಿಕೊಂಡಳು, ಅವ್ವಾ. ಪತ್ತೇದಾರ ಅವಳನ್ನು ಹಿಡಿದದ್ದೂ ಆ ಲೋಟದಿಂದಲೇ.

ಅವತ್ತು ನೀನು ಮತ್ತೆ ಮೊರ ಎತ್ತಿಕೊಂಡೆ. ಆಮೇಲೆ "ಓದವ್ವಾ, ಮುಂದ ಏನಾತು" ಎಂದು ಒಂದು ದಿನವೂ ಕೇಳಲಿಲ್ಲ. ನಾನು, ಒಂದು ಕೆಲಸ ತಪ್ಪಿತೆಂದು ಖುಷಿಪಟ್ಟಿದ್ದೆ.

ಸುಮೇಧಾ